ಎಎನ್‌ಎ ಒಂದು ಲ್ಯಾಬ್‌ನಲ್ಲಿ ಪಾಸಿಟಿವ್, ಇನ್ನೊಂದರಲ್ಲಿ ನೆಗೆಟಿವ್: ಲೂಪಸ್ ವಿಚಾರದಲ್ಲಿ ಯಾವ ವಿಧಾನವನ್ನು ನಂಬಬೇಕು?

ತುಂಗಾತೀರ (ಶಿವಮೊಗ್ಗ)
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 27 ವರ್ಷ. ಕೆಲವು ತಿಂಗಳುಗಳಿಂದ ಬೆಳಗಿನ ಹೊತ್ತು ಅವಳ ಕೈಬೆರಳುಗಳ ಕೀಲು ಬಿಗಿಯುತ್ತದೆ, ಕೂದಲು ವಿಪರೀತ ಉದುರುತ್ತಿದೆ, ಮಧ್ಯಾಹ್ನದ ಹೊತ್ತಿಗೇ ಸುಸ್ತಾಗಿ ಮಲಗಿಬಿಡುತ್ತಾಳೆ. ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಇದೆಯೇ ಎಂದು ನೋಡಿಬಿಡೋಣವೆಂದು ನಮ್ಮ ಊರಿನ ವೈದ್ಯರು ಎಎನ್‌ಎ, ಅಂದರೆ ಕೋಶಕೇಂದ್ರದ ವಿರುದ್ಧದ ಪ್ರತಿಕಾಯಗಳ ಪರೀಕ್ಷೆ, ಬರೆದುಕೊಟ್ಟರು. ಮೊದಲ ಲ್ಯಾಬ್‌ನವರು ಎಲೈಸಾ ವಿಧಾನದಲ್ಲಿ ಮಾಡಿ "1.6, ಪಾಸಿಟಿವ್" ಎಂದು ಕೊಟ್ಟರು, ಅವರ ಗಡಿ 1.2 ಅಂತೆ. ಖಚಿತವಾಗಲಿ ಎಂದು ಎರಡನೆಯ ಲ್ಯಾಬ್‌ನಲ್ಲಿ ಇಮ್ಯುನೋಫ್ಲೋರೆಸೆನ್ಸ್ ವಿಧಾನದಲ್ಲಿ ಮಾಡಿಸಿದೆವು. ಅಲ್ಲಿ "1:100ರಲ್ಲಿ ನೆಗೆಟಿವ್" ಎಂದು ಬಂತು. ಇವೆರಡರ ನಡುವೆ ಪರಿಚಯದವರೊಬ್ಬರ ಮಾತು ಕೇಳಿ ಬೇರೆಬೇರೆ ಪ್ರತಿಕಾಯಗಳನ್ನು ಒಂದೊಂದಾಗಿ ತೋರಿಸುವ ಎಎನ್‌ಎ ಪ್ರೊಫೈಲ್ ಕೂಡ ಮಾಡಿಸಿಯಾಗಿದೆ. ಅದರಲ್ಲಿ ರೋ-52 ಎದುರು ಒಂದು ಪ್ಲಸ್ ಇದೆ, ಡಿಎಸ್‌ಡಿಎನ್‌ಎ (ಜೋಡಿ ಎಳೆಯ ಡಿಎನ್‌ಎ ಮೇಲಿನ ಪ್ರತಿಕಾಯ) ಎದುರು "ಬಾರ್ಡರ್‌ಲೈನ್" ಎಂದಿದೆ.

ಒಂದೇ ರಕ್ತಕ್ಕೆ ಮೂರು ಉತ್ತರ ಬಂದರೆ ಯಾವುದನ್ನು ಹಿಡಿಯುವುದು? ಅಮ್ಮ ಪಾಸಿಟಿವ್ ಕಾಗದವನ್ನೇ ಹಿಡಿದುಕೊಂಡು ಅಳುತ್ತಿದ್ದಾರೆ, ಅಪ್ಪ ನೆಗೆಟಿವ್ ಕಾಗದ ತೋರಿಸಿ ಸಮಾಧಾನ ಹೇಳುತ್ತಿದ್ದಾರೆ.

ಹಸಿರುಹೊಳಪು (ಮಂಗಳೂರು)
ನಾನು ಲ್ಯಾಬ್‌ನ ಇಮ್ಯುನಾಲಜಿ ವಿಭಾಗದಲ್ಲಿ ಕೆಲಸ ಮಾಡುವವಳು. ಎರಡು ಲ್ಯಾಬ್‌ಗಳಲ್ಲಿ ಯಾರೂ ತಪ್ಪು ಮಾಡಿರಬೇಕೆಂದಿಲ್ಲ, ಏಕೆಂದರೆ ಹೆಸರು ಒಂದೇ ಆದರೂ ಅವರು ಮಾಡಿದ್ದು ಎರಡು ಬೇರೆ ಪರೀಕ್ಷೆಗಳು. ಎಲೈಸಾದಲ್ಲಿ ಕಿಟ್ ತಯಾರಿಸಿದವರು ಆಯ್ದು ತಟ್ಟೆಯ ಸಣ್ಣ ಗುಳಿಗಳಿಗೆ ಅಂಟಿಸಿದ ಆಂಟಿಜೆನ್‌ಗಳಿಗೆ (ಪ್ರತಿಕಾಯ ಹಿಡಿಯುವ ಗುರಿವಸ್ತುಗಳಿಗೆ) ಮಾತ್ರ ಪ್ರತಿಕಾಯಗಳು ಹತ್ತುತ್ತವೆ, ಯಂತ್ರವು ಬಣ್ಣದ ಗಾಢತೆಯನ್ನು ಅಳೆದು ಒಂದು ಸಂಖ್ಯೆ ಕೊಡುತ್ತದೆ. ಇಮ್ಯುನೋಫ್ಲೋರೆಸೆನ್ಸ್‌ನಲ್ಲಿ, ಅಂದರೆ ನಾವು ಐಎಫ್‌ಎ ಎನ್ನುವುದರಲ್ಲಿ, ಸ್ಲೈಡಿನ ಮೇಲೆ ಹೆಪ್-2 ಎಂಬ ಇಡೀ ಮಾನವ ಜೀವಕೋಶಗಳೇ ಇರುತ್ತವೆ. ತೆಳುಮಾಡಿದ ಸೀರಂ (1:100 ಎಂದರೆ ಒಂದು ಪಾಲು ಸೀರಂ ನೂರು ಪಾಲಾಗುವಷ್ಟು ತೆಳು) ಹನಿಸಿ ಅರ್ಧ ಗಂಟೆ ಬಿಟ್ಟು ತೊಳೆದು, ಹೊಳೆಯುವ ಬಣ್ಣ ಕಟ್ಟಿದ ಎರಡನೆಯ ಪ್ರತಿಕಾಯವನ್ನು ಹಾಕಿ, ಮತ್ತೆ ಅರ್ಧ ಗಂಟೆ ಬಿಟ್ಟು ತೊಳೆದು, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಪಾಸಿಟಿವ್ ಇದ್ದವರ ಕೋಶಕೇಂದ್ರಗಳು ಹಸಿರಾಗಿ ಬೆಳಗುತ್ತವೆ.

ಅಮೆರಿಕದ ರುಮಟಾಲಜಿ ಕಾಲೇಜು, ಅಂದರೆ ಕೀಲು ಮತ್ತು ಸ್ವಯಂನಿರೋಧಕ ಕಾಯಿಲೆಗಳ ತಜ್ಞರ ಸಂಘವಾದ ಎಸಿಆರ್, ಎಎನ್‌ಎಗೆ ಐಎಫ್‌ಎ ವಿಧಾನವೇ ಮಾನದಂಡವಾಗಿ ಉಳಿಯಬೇಕೆಂದು 2009ರಲ್ಲೇ ಹೇಳಿದೆ. ಆದ್ದರಿಂದ ಎರಡರಲ್ಲಿ ಒಂದನ್ನು ಹಿಡಿಯಲೇಬೇಕೆಂದರೆ ನಿಮ್ಮ ಅಪ್ಪನವರ ಕೈಯಲ್ಲಿರುವ ಕಾಗದವನ್ನು ಹಿಡಿಯಿರಿ.

ಕಲೆಕ್ಷನ್‌ಸೆಂಟರ್ (ಹಾಸನ)
ಮೇಡಂ, ಎಲೈಸಾವನ್ನು ಇಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ಐಎಫ್‌ಎ ಓದುವುದು ಮನುಷ್ಯನ ಕಣ್ಣು; ಒಬ್ಬರಿಗೆ 1:160 ಎಂದು ಕಂಡಿದ್ದು ಮತ್ತೊಬ್ಬರಿಗೆ 1:80 ಎಂದು ಕಾಣುತ್ತದೆ. ದಿನಕ್ಕೆ ನೂರಾರು ಸ್ಯಾಂಪಲ್ ಬರುವ ಕಡೆ ಯಂತ್ರವಿಲ್ಲದೆ ನಡೆಯುವುದಾದರೂ ಹೇಗೆ? ಬೆಲೆಯೂ ಕಡಿಮೆ, ರಿಪೋರ್ಟೂ ಬೇಗ ಸಿಗುತ್ತದೆ.

ಹಸಿರುಹೊಳಪು (ಮಂಗಳೂರು)
ಕಣ್ಣಿನ ವ್ಯತ್ಯಾಸ ಇದೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಯಂತ್ರದ ಸಂಖ್ಯೆ ನಿಖರವಾಗಿ ಕಂಡ ಮಾತ್ರಕ್ಕೆ ಅದು ಅಳೆದ ವಸ್ತು ಸರಿಯಾದದ್ದು ಎಂದಾಗುವುದಿಲ್ಲ. ಎಲೈಸಾ ಒಂದು ಸಂಖ್ಯೆಯನ್ನಷ್ಟೇ ಕೊಡುತ್ತದೆ, ಐಎಫ್‌ಎ ವಿನ್ಯಾಸವನ್ನೂ ತೋರಿಸುತ್ತದೆ. ವಿಭಜನೆಯಾಗುತ್ತಿರುವ ಕೋಶವನ್ನು ಹುಡುಕಿ ನೋಡುವುದು ನಮ್ಮ ಕೆಲಸದ ಜೀವಾಳ. ಕೋಶಕೇಂದ್ರವೆಲ್ಲ ಒಂದೇ ಸಮನೆ ಬೆಳಗಿ, ವಿಭಜನೆಯ ಕೋಶದ ಕ್ರೋಮೋಸೋಮ್ ಪಟ್ಟಿಯೂ ಬೆಳಗಿದರೆ ಅದು ಹೋಮೋಜೀನಿಯಸ್. ಡಿಎನ್‌ಎ, ಹಿಸ್ಟೋನ್, ನ್ಯೂಕ್ಲಿಯೋಸೋಮ್‌ಗಳ ಮೇಲಿನ ಪ್ರತಿಕಾಯಗಳು ಹೀಗೆ ಕಾಣುತ್ತವೆ. ಚುಕ್ಕಿಚುಕ್ಕಿಯಾಗಿ ಬೆಳಗಿ ಆ ಪಟ್ಟಿ ಮಾತ್ರ ಕಪ್ಪಾಗಿ ಉಳಿದರೆ ಅದು ಸ್ಪೆಕಲ್ಡ್. ಎಸ್‌ಎಂ, ಆರ್‌ಎನ್‌ಪಿ, ರೋ, ಲಾ ಎಂಬ ಆಂಟಿಜೆನ್‌ಗಳ ಮೇಲಿನ ಪ್ರತಿಕಾಯಗಳ ಕಡೆಗೆ ಯೋಚಿಸುತ್ತೇವೆ. ಒತ್ತಾದ ಸಣ್ಣ ಚುಕ್ಕಿಗಳ ಜೊತೆಗೆ ಪಟ್ಟಿಯೂ ಚುಕ್ಕಿಯಾಗಿ ಬೆಳಗಿದರೆ ಡಿಎಫ್‌ಎಸ್-70 ಎಂಬ ಪ್ರತಿಕಾಯದ ಸಾಧ್ಯತೆ ಇದೆ. ಬೇರೇನೂ ಇಲ್ಲದೆ ಅದೊಂದೇ ಇದ್ದರೆ ಹೆಚ್ಚಾಗಿ ಆರೋಗ್ಯವಂತರೇ ಆಗಿರುತ್ತಾರೆ. 1.6 ಎಂಬ ಅಂಕಿಯಲ್ಲಿ ಇದೆಲ್ಲ ಎಲ್ಲಿ ಸಿಗುತ್ತದೆ, ಹೇಳಿ?

ಲೆಕ್ಕಿಗ (ಮೈಸೂರು)
ನನ್ನ ತಕರಾರು ವಿಧಾನದ ಬಗ್ಗೆ ಅಲ್ಲ, ಪಾಸಿಟಿವ್ ಎಂಬುದಕ್ಕೆ ಜನ ಕೊಡುವ ತೂಕದ ಬಗ್ಗೆ. 1997ರಲ್ಲಿ ಹಲವು ದೇಶಗಳ 15 ಪ್ರಯೋಗಾಲಯಗಳು ಕೂಡಿ ಆರೋಗ್ಯವಂತರ ರಕ್ತದಲ್ಲಿ ಎಎನ್‌ಎ ನೋಡಿದವು. 1:40ರಲ್ಲಿ ಶೇ. 31.7, 1:80ರಲ್ಲಿ ಶೇ. 13.3, 1:160ರಲ್ಲಿ ಶೇ. 5, 1:320ರಲ್ಲಿ ಶೇ. 3.3 ಮಂದಿಗೆ ಪಾಸಿಟಿವ್ ಬಂತು. ಇವರೆಲ್ಲ ಆರೋಗ್ಯವಂತರು ಎಂಬುದನ್ನು ಮರೆಯಬಾರದು. ಒಂದು ಲಕ್ಷ ಜನರಲ್ಲಿ 50 ಮಂದಿಗೆ ಲೂಪಸ್ ಇದೆಯೆಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅಷ್ಟೂ ಜನರನ್ನು 1:160ರಲ್ಲಿ ಪರೀಕ್ಷಿಸಿದರೆ, 50 ರೋಗಿಗಳು ಸಿಗುವ ಹೊತ್ತಿಗೆ ರೋಗವಿಲ್ಲದ ಸುಮಾರು 5,000 ಮಂದಿಯೂ ಪಾಸಿಟಿವ್ ಆಗಿರುತ್ತಾರೆ. ನೂರರಲ್ಲಿ ಒಬ್ಬರಿಗಾಗಿ ತೊಂಬತ್ತೊಂಬತ್ತು ಮನೆಗಳಲ್ಲಿ ಅಳು ಶುರುವಾಗುತ್ತದೆ.

ಚಿಟ್ಟೆಕೆನ್ನೆ (ಧಾರವಾಡ)
ಲೆಕ್ಕಿಗ ಅವರೇ, ಆ ಒಬ್ಬರಲ್ಲಿ ನಾನೂ ಸೇರಿದ್ದೇನೆ. 2011ರಿಂದ ಲೂಪಸ್ ಜೊತೆ ಬದುಕುತ್ತಿದ್ದೇನೆ. ಬಿಸಿಲಿಗೆ ಮುಖ ಕೆಂಪಾಗುತ್ತಿತ್ತು, ಆದರೆ ನನಗೆ ಮೊದಲು ಮಾಡಿದ ಎಎನ್‌ಎ ಎಲೈಸಾ ನೆಗೆಟಿವ್ ಬಂದಿತ್ತು. ಅದನ್ನು ನೋಡಿದ ವೈದ್ಯರೊಬ್ಬರು "ಏನೂ ಇಲ್ಲ, ಬಿಸಿಲಿನ ಅಲರ್ಜಿ" ಎಂದು ಮುಲಾಮು ಕೊಟ್ಟು ಕಳಿಸಿದರು. ಕಾಲು ಊದಿಕೊಂಡು ಮೂತ್ರ ನೊರೆನೊರೆಯಾಗಿ ಹೋಗತೊಡಗಿದ ಮೇಲೆ ಬೇರೆ ಕಡೆ ತೋರಿಸಿದೆವು. ಅಲ್ಲಿ ಐಎಫ್‌ಎ ಬಲವಾದ ಪಾಸಿಟಿವ್, ಡಿಎಸ್‌ಡಿಎನ್‌ಎ ಬಹಳ ಹೆಚ್ಚು, ರಕ್ತದ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನ್‌ಗಳಲ್ಲಿ ಒಂದಾದ ಸಿ3 ಕಡಿಮೆ. ಮೂತ್ರಪಿಂಡದ ಬಯಾಪ್ಸಿಯಲ್ಲಿ ನಾಲ್ಕನೆಯ ವರ್ಗದ ನೆಫ್ರೈಟಿಸ್ (ಲೂಪಸ್‌ನಿಂದ ಮೂತ್ರಪಿಂಡದ ಉರಿಯೂತ) ಎಂದು ಬಂತು. ಸುಳ್ಳು ಪಾಸಿಟಿವ್ ಬಗ್ಗೆ ಮಾತಾಡುವವರು ಸುಳ್ಳು ನೆಗೆಟಿವ್‌ನಿಂದ ಕಳೆದುಹೋಗುವ ತಿಂಗಳುಗಳ ಬಗ್ಗೆಯೂ ಅಷ್ಟೇ ಖಂಡಿತವಾಗಿ ಮಾತಾಡಬೇಕು.

ಲೆಕ್ಕಿಗ (ಮೈಸೂರು)
ಒಪ್ಪುತ್ತೇನೆ. ಆದರೆ ನಿಮಗೆ ಮುಖದ ಕೆಂಪು ಇತ್ತು, ಬಿಸಿಲಿಗೆ ಹೆಚ್ಚಾಗುತ್ತಿತ್ತು. ನನ್ನ ಲೆಕ್ಕ ಲಕ್ಷಣವೇ ಇಲ್ಲದವರನ್ನು ಸುಮ್ಮನೆ ಪರೀಕ್ಷಿಸುವುದರ ಬಗ್ಗೆ. ಲಕ್ಷಣ ಇದ್ದವರಲ್ಲಿ ಅದೇ ಪಾಸಿಟಿವ್‌ಗೆ ಬೇರೆಯೇ ಬೆಲೆ.

ಕೀಲುವೈದ್ಯ (ಬೆಂಗಳೂರು)
ರುಮಟಾಲಜಿಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಯಾರಿಗೂ ರೋಗನಿರ್ಣಯ ಹೇಳಲಾರೆ. ಪರೀಕ್ಷೆಗಳನ್ನು ನಾವು ಯಾವ ಕ್ರಮದಲ್ಲಿ ನೋಡುತ್ತೇವೆ ಎಂಬುದನ್ನಷ್ಟೇ ಬರೆಯುತ್ತೇನೆ.

2019ರಲ್ಲಿ ಯುರೋಪಿನ ರುಮಟಾಲಜಿ ಸಂಘಟನೆ ಯೂಲಾರ್ ಮತ್ತು ಅಮೆರಿಕದ ಎಸಿಆರ್ ಸೇರಿ ಮಾಡಿದ ಮಾನದಂಡದಲ್ಲಿ ಹೆಪ್-2 ಕೋಶಗಳ ಮೇಲೆ 1:80 ಅಥವಾ ಅದಕ್ಕಿಂತ ಹೆಚ್ಚಿನ ಎಎನ್‌ಎ, ಇಲ್ಲವೇ ಅದಕ್ಕೆ ಸಮಾನವಾದ ಪಾಸಿಟಿವ್ ಪರೀಕ್ಷೆ, ಒಮ್ಮೆಯಾದರೂ ಬಂದಿರಬೇಕು. ಅದು ಹೆಬ್ಬಾಗಿಲು ಮಾತ್ರ. ಅದಕ್ಕೆ ಒಂದು ಅಂಕವೂ ಇಲ್ಲ. ಒಳಗೆ ಬಂದ ಮೇಲೆ ಅಂಕಗಳ ಎಣಿಕೆ ಶುರು. ಡಿಎಸ್‌ಡಿಎನ್‌ಎ ಅಥವಾ ಎಸ್‌ಎಂ ಪ್ರತಿಕಾಯಕ್ಕೆ 6, ಸಿ3 ಅಥವಾ ಸಿ4 ಒಂದು ಕಡಿಮೆಯಿದ್ದರೆ 3, ಎರಡೂ ಕಡಿಮೆಯಿದ್ದರೆ 4, ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಕ್ಕೆ 2. ಕೀಲುಗಳಿಗೆ 6, ಬೋಳುಕಲೆ ಉಳಿಸದ ಕೂದಲುದುರುವಿಕೆಗೆ 2, ದಿನಕ್ಕೆ ಅರ್ಧ ಗ್ರಾಂ ಮೀರಿ ಮೂತ್ರದಲ್ಲಿ ಪ್ರೋಟೀನ್ ಹೋದರೆ 4, ಮೂರನೆಯ ಅಥವಾ ನಾಲ್ಕನೆಯ ವರ್ಗದ ನೆಫ್ರೈಟಿಸ್ ಒಂದಕ್ಕೇ 10. ಒಟ್ಟು 10 ಆಗಬೇಕು, ಅದರಲ್ಲಿ ಕನಿಷ್ಠ ಒಂದಾದರೂ ರಕ್ತಪರೀಕ್ಷೆಯದಲ್ಲದ ಲಕ್ಷಣವಾಗಿರಬೇಕು. ಆ ಲಕ್ಷಣಕ್ಕೆ ಲೂಪಸ್‌ಗಿಂತ ಹೆಚ್ಚು ಒಪ್ಪುವ ಬೇರೆ ಕಾರಣವಿದ್ದರೆ ಅದನ್ನು ಎಣಿಸುವಂತೆಯೇ ಇಲ್ಲ. ಈ ಕೊನೆಯ ಷರತ್ತನ್ನು ಅಂತರ್ಜಾಲದಲ್ಲಿ ಅಂಕ ಕೂಡಿಸಿಕೊಳ್ಳುವವರು ಯಾವಾಗಲೂ ಬಿಟ್ಟುಬಿಡುತ್ತಾರೆ.

ಇನ್ನೊಂದು ಮಾತು: ಇದು ಸಂಶೋಧನೆಗೆ ರೋಗಿಗಳನ್ನು ವರ್ಗೀಕರಿಸುವ ಮಾನದಂಡವೇ ಹೊರತು ರೋಗನಿರ್ಣಯದ ಪಟ್ಟಿಯಲ್ಲ. ಅಂಕ ಸಾಲದಿದ್ದರೂ ನಾವು ಲೂಪಸ್ ಎಂದು ಚಿಕಿತ್ಸೆ ಶುರುಮಾಡುವ ಸಂದರ್ಭಗಳಿವೆ.

ಹಳೇಮೈಕ್ರೋಸ್ಕೋಪು (ಹುಬ್ಬಳ್ಳಿ)
ನಿವೃತ್ತ ಪೆಥಾಲಜಿಸ್ಟ್. ನಮ್ಮ ಕಾಲದಲ್ಲಿ ಈ ಜಗಳವೇ ಇರಲಿಲ್ಲ, ಏಕೆಂದರೆ ಎಲ್‌ಇ ಸೆಲ್ ಬಿಟ್ಟರೆ ಗತಿಯೇ ಇರಲಿಲ್ಲ. 1948ರಲ್ಲಿ ಮೇಯೋ ಕ್ಲಿನಿಕ್‌ನ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಅದನ್ನು ವರ್ಣಿಸಿದರು. ರಕ್ತವನ್ನು ಜಜ್ಜಿ, ಕಾವಿನಲ್ಲಿಟ್ಟು, ಸ್ಮಿಯರ್ ಮಾಡಿ, ಮತ್ತೊಂದು ಕೋಶದ ಕೇಂದ್ರವನ್ನು ನುಂಗಿ ಉಬ್ಬಿಕೊಂಡ ಬಿಳಿರಕ್ತಕಣಕ್ಕಾಗಿ ಸ್ಲೈಡ್ ಪೂರ್ತಿ ಹುಡುಕಬೇಕಿತ್ತು. ಸಿಕ್ಕರೆ ಸಂತೋಷ, ಸಿಗದಿದ್ದರೆ ರೋಗ ಇಲ್ಲವೆನ್ನುವಂತಿಲ್ಲ. 1957ರಲ್ಲಿ ಡಿಎನ್‌ಎ ಮೇಲಿನ ಪ್ರತಿಕಾಯಗಳು ಗೊತ್ತಾದವು, ಅದೇ ಸುಮಾರಿಗೆ ಫ್ಲೋರೆಸೆನ್ಸ್ ವಿಧಾನವೂ ಬಂತು.

ಹಿಂದೆ ಇಲಿ, ಹೆಗ್ಗಣಗಳ ಯಕೃತ್ತಿನ ತೆಳುಹೋಳುಗಳ ಮೇಲೆ ಎಎನ್‌ಎ ನೋಡುತ್ತಿದ್ದರು. ಅದರಲ್ಲಿ ರೋ ಆಂಟಿಜೆನ್ ತೀರಾ ಕಡಿಮೆ. "ಎಎನ್‌ಎ ನೆಗೆಟಿವ್ ಲೂಪಸ್" ಎಂದು ಆಗ ಕರೆಸಿಕೊಂಡ ಎಷ್ಟೋ ರೋಗಿಗಳು ಹೆಪ್-2 ಬಂದ ಮೇಲೆ ಪಾಸಿಟಿವ್ ಆದರು. ಅಂದರೆ ರೋಗಿ ಬದಲಾಗಲಿಲ್ಲ, ಸ್ಲೈಡ್ ಬದಲಾಯಿತು. ಚಿಟ್ಟೆಕೆನ್ನೆಯವರ ಕಥೆ ಕೇಳಿದಾಗ ಇದೇ ನೆನಪಾಯಿತು. ಅಂದ ಹಾಗೆ, ಹೆಪ್-2 ಕೋಶಗಳು ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ನವು ಎಂದು ಪಠ್ಯಪುಸ್ತಕಗಳಲ್ಲಿ ಈಗಲೂ ಇದೆ. ಅವು ನಿಜವಾಗಿ ಗರ್ಭಕೊರಳಿನ ಕ್ಯಾನ್ಸರ್‌ನಿಂದ ಬಂದ ಹೀಲಾ ಕೋಶಗಳು ಬೆರೆತು ಆವರಿಸಿಕೊಂಡ ಸಂತತಿ ಎಂಬುದು ಯಾವತ್ತೋ ಸಾಬೀತಾಗಿದೆ.

ತುಂಗಾತೀರ (ಶಿವಮೊಗ್ಗ)
ಎಲ್ಲರಿಗೂ ಧನ್ಯವಾದ. ಹಾಗಾದರೆ ಪ್ರೊಫೈಲ್‌ನಲ್ಲಿ ಬಂದ ಡಿಎಸ್‌ಡಿಎನ್‌ಎ ಬಾರ್ಡರ್‌ಲೈನ್‌ಗೆ 6 ಅಂಕ ಕೊಡಬೇಕೇ?

ಕೀಲುವೈದ್ಯ (ಬೆಂಗಳೂರು)
ಖಂಡಿತ ಇಲ್ಲ. ರೋಗದ ಹೋಲಿಕೆಯಿರುವ ಇತರರ ರಕ್ತದ ಎದುರು ಶೇ. 90 ಅಥವಾ ಹೆಚ್ಚಿನ ನಿರ್ದಿಷ್ಟತೆ ತೋರಿಸಿದ ಪರೀಕ್ಷೆಯನ್ನೇ ಡಿಎಸ್‌ಡಿಎನ್‌ಎಗೆ ಬಳಸಬೇಕೆಂದು ಆ ಮಾನದಂಡವೇ ಹೇಳುತ್ತದೆ. ಪ್ರೊಫೈಲ್ ಎಂದು ಕರೆಯುವ ಲೈನ್ ಬ್ಲಾಟ್ ಪಟ್ಟಿಯ ಡಿಎಸ್‌ಡಿಎನ್‌ಎ ಗೆರೆಯನ್ನು ನಾನು ಎಂದೂ ಒಂಟಿಯಾಗಿ ನಂಬುವುದಿಲ್ಲ. ಆ ಪಟ್ಟಿ ಎಸ್‌ಎಂ, ಆರ್‌ಎನ್‌ಪಿ, ರೋ, ರೈಬೋಸೋಮಲ್ ಪಿ ಮುಂತಾದವುಗಳನ್ನು ಬೇರೆಬೇರೆ ಮಾಡಿ ನೋಡಲು ಅನುಕೂಲ. ಡಿಎನ್‌ಎಗೆ ಬೇರೆ ಪರೀಕ್ಷೆ ಬೇಕು.

ಹಸಿರುಹೊಳಪು (ಮಂಗಳೂರು)
ಡಿಎಸ್‌ಡಿಎನ್‌ಎ ವಿಷಯಕ್ಕೆ ಬಂದರೆ ಹೋಲಿಸಬೇಕಾದ ವಿಧಾನಗಳು ಮೂರು. ಎಲೈಸಾ ಸೂಕ್ಷ್ಮ, ಸುಲಭ. ಆದರೆ ಡಿಎನ್‌ಎಗೆ ಸಡಿಲವಾಗಿ ಅಂಟುವ ಪ್ರತಿಕಾಯಗಳನ್ನೂ ಹಿಡಿಯುತ್ತದೆ, ಒಂಟಿ ಎಳೆಯ ಡಿಎನ್‌ಎ ಬೆರೆತಿದ್ದರೆ ಅದಕ್ಕೆ ಅಂಟುವವನ್ನೂ ಎಣಿಸಿಬಿಡುತ್ತದೆ. ಹೀಗಾಗಿ ಕಡಿಮೆ ಮಟ್ಟದ ಪಾಸಿಟಿವ್‌ಗಳು ಲೂಪಸ್ ಇಲ್ಲದವರಲ್ಲೂ ಬರುತ್ತವೆ. ಎರಡನೆಯದು ಕ್ರಿಥಿಡಿಯಾ ಲೂಸಿಲಿಯೇ ಎಂಬ ಏಕಕೋಶ ಪರೋಪಜೀವಿಯ ಮೇಲೆ ಮಾಡುವ ಇಮ್ಯುನೋಫ್ಲೋರೆಸೆನ್ಸ್, 1975ರಿಂದ ಬಳಕೆಯಲ್ಲಿದೆ. ಆ ಜೀವಿಯ ಬಾಲದ ಬುಡದ ಹತ್ತಿರ ಕೈನೆಟೋಪ್ಲಾಸ್ಟ್ ಎಂಬ ಸಣ್ಣ ಬಿಂದುವಿನಲ್ಲಿ ಜೋಡಿ ಎಳೆಯ ಡಿಎನ್‌ಎ ಒತ್ತಾಗಿ ತುಂಬಿದೆ. ನಾವು ನೋಡುವುದು ಆ ಬಿಂದುವನ್ನು. ಪಕ್ಕದ ದೊಡ್ಡ ಕೋಶಕೇಂದ್ರ ಎಷ್ಟೇ ಹೊಳೆದರೂ ಬಿಂದು ಹೊಳೆಯದಿದ್ದರೆ ನೆಗೆಟಿವ್ ಎಂದೇ ಬರೆಯಬೇಕು. ಹೊಸಬರು ಎಡವುವುದು ಇಲ್ಲಿಯೇ. ಇದು ಪಾಸಿಟಿವ್ ಬಂದರೆ ಲೂಪಸ್ ಎಂಬ ನಂಬಿಕೆ ಬಹಳ ಹೆಚ್ಚು, ಆದರೆ ಎಷ್ಟೋ ರೋಗಿಗಳನ್ನು ಇದು ತಪ್ಪಿಸಿಬಿಡುತ್ತದೆ. ಮೂರನೆಯದು ಫಾರ್ ವಿಧಾನ, ವಿಕಿರಣಶೀಲ ಡಿಎನ್‌ಎ ಬಳಸಿ ಬಿಗಿಯಾಗಿ ಅಂಟುವ ಪ್ರತಿಕಾಯಗಳನ್ನೇ ಅಳೆಯುವಂಥದ್ದು. ಒಳ್ಳೆಯ ಪರೀಕ್ಷೆ, ವಿಕಿರಣ ವಸ್ತುವಿನ ತಾಪತ್ರಯದಿಂದ ಹೆಚ್ಚಿನವರು ಕೈಬಿಟ್ಟಿದ್ದಾರೆ.

ಎಲೈಸಾದಲ್ಲಿ ಹಿಡಿದು ಕ್ರಿಥಿಡಿಯಾದಲ್ಲಿ ಖಚಿತಪಡಿಸಿಕೊಳ್ಳುವುದು ನಮ್ಮಲ್ಲಿ ರೂಢಿ.

ಕಲೆಕ್ಷನ್‌ಸೆಂಟರ್ (ಹಾಸನ)
ಈಗ ಎಲೈಸಾ ಬೇಕಾಯಿತು ನೋಡಿ.

ಹಸಿರುಹೊಳಪು (ಮಂಗಳೂರು)
ಎಎನ್‌ಎಗೆ ಬೇಡವೆಂದೆ, ಡಿಎನ್‌ಎಗಲ್ಲ!

ಚಿಟ್ಟೆಕೆನ್ನೆ (ಧಾರವಾಡ)
ಇದಕ್ಕೆ ನನ್ನದೊಂದು ಸೇರ್ಪಡೆ. ರೋಗ ಗೊತ್ತಾದ ಮೇಲೆ ಎಎನ್‌ಎಯನ್ನು ನನಗೆ ಮತ್ತೆ ಯಾರೂ ಮಾಡಿಸಿಲ್ಲ. ಪದೇ ಪದೇ ನೋಡುವುದು ಡಿಎಸ್‌ಡಿಎನ್‌ಎ, ಸಿ3, ಸಿ4, ಮೂತ್ರ ಮತ್ತು ರಕ್ತಕಣಗಳ ಎಣಿಕೆ. ಒಮ್ಮೆ ಊರು ಬದಲಾಯಿಸಿದಾಗ ಹೊಸ ಲ್ಯಾಬ್‌ನಲ್ಲಿ ಡಿಎಸ್‌ಡಿಎನ್‌ಎ ದುಪ್ಪಟ್ಟಾಗಿ ಬಂದು ಗಾಬರಿಯಾಯಿತು. ಹಳೆಯ ಲ್ಯಾಬ್‌ಗೇ ಸ್ಯಾಂಪಲ್ ಕಳಿಸಿದರೆ ಮೊದಲಿನಷ್ಟೇ ಇತ್ತು.

ಕೀಲುವೈದ್ಯ (ಬೆಂಗಳೂರು)
ಅನುಭವದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಮಾದರಿ ಸೀರಂಗೆ ಹೋಲಿಸಿ ಅಂತಾರಾಷ್ಟ್ರೀಯ ಯೂನಿಟ್‌ನಲ್ಲಿ ಬರೆದಿದ್ದರೂ ಒಂದು ಕಿಟ್‌ನ 60 ಇನ್ನೊಂದು ಕಿಟ್‌ನ 60ಕ್ಕೆ ಸಮವಲ್ಲ. ಏರಿಳಿತ ನೋಡಬೇಕಾದರೆ ಒಂದೇ ಲ್ಯಾಬ್, ಒಂದೇ ವಿಧಾನ. ಡಿಎಸ್‌ಡಿಎನ್‌ಎ ರೋಗದ ಬಿಸಿಯ ಜೊತೆ ಏರಿಳಿಯುತ್ತದೆ, ಅದರಲ್ಲೂ ಮೂತ್ರಪಿಂಡದ ತೊಂದರೆಯಲ್ಲಿ. ಎಸ್‌ಎಂ ಹಾಗಲ್ಲ, ಅದನ್ನು ಮತ್ತೆ ಮತ್ತೆ ಮಾಡಿಸಿ ಪ್ರಯೋಜನವಿಲ್ಲ. ಗರ್ಭಿಣಿಯರಲ್ಲಿ ಕಾಂಪ್ಲಿಮೆಂಟ್ ಸಹಜವಾಗಿಯೇ ಏರುವುದರಿಂದ ಸಿ3 "ನಾರ್ಮಲ್" ಎಂದು ಕಂಡರೂ ನೆಮ್ಮದಿಪಡುವಂತಿಲ್ಲ.

ಹಳೇಮೈಕ್ರೋಸ್ಕೋಪು (ಹುಬ್ಬಳ್ಳಿ)
ಎಸ್‌ಎಂ ಎಂದರೆ ಸ್ಮಿತ್. 1966ರಲ್ಲಿ ಟಾನ್ ಮತ್ತು ಕುಂಕೆಲ್ ಅದನ್ನು ಕಂಡುಹಿಡಿದಾಗ ಸ್ಟೆಫನಿ ಸ್ಮಿತ್ ಎಂಬ ರೋಗಿಯ ಹೆಸರನ್ನೇ ಇಟ್ಟರು. ಲೂಪಸ್ ಇರುವವರಲ್ಲಿ ಸುಮಾರು ಶೇ. 20ರಿಂದ 30 ಮಂದಿಯಲ್ಲಿ ಮಾತ್ರ ಸಿಗುತ್ತದೆ, ಆದರೆ ಸಿಕ್ಕರೆ ಬೇರೆ ಕಾಯಿಲೆ ಎನ್ನುವುದು ಕಷ್ಟ. ಬಂದರೆ ದೊಡ್ಡ ಸುದ್ದಿ, ಬಾರದಿದ್ದರೆ ಏನೂ ಅಲ್ಲ.

ಅಟ್ಲಾಂಟಿಕ್‌ಆಚೆ (ನ್ಯೂಜೆರ್ಸಿ)
ಇಲ್ಲಿಯೂ ಇದೇ ಗೊಂದಲ ಇದೆ. ದೊಡ್ಡ ವಾಣಿಜ್ಯ ಲ್ಯಾಬ್‌ಗಳಲ್ಲಿ ಎಎನ್‌ಎ ಎಂದರೆ ಕೆಲವೊಮ್ಮೆ ಸಣ್ಣ ಮಣಿಗಳ ಮೇಲೆ ಹತ್ತಾರು ಆಂಟಿಜೆನ್ ಅಂಟಿಸಿದ ಮಲ್ಟಿಪ್ಲೆಕ್ಸ್ ಪರೀಕ್ಷೆ. ಅದರಲ್ಲಿ ನೆಗೆಟಿವ್ ಬಂದವರಿಗೆ ಐಎಫ್‌ಎಯಲ್ಲಿ ಪಾಸಿಟಿವ್ ಬರುವುದುಂಟು, ಏಕೆಂದರೆ ಪಟ್ಟಿಯಲ್ಲಿಲ್ಲದ ಆಂಟಿಜೆನ್‌ಗೆ ಮಣಿಯೂ ಇಲ್ಲ. ನನ್ನ ವೈದ್ಯೆ ಚೀಟಿಯಲ್ಲೇ "ಐಎಫ್‌ಎ ವಿಧಾನದಲ್ಲೇ" ಎಂದು ಬರೆದುಕೊಡುತ್ತಾರೆ.

ಲೆಕ್ಕಿಗ (ಮೈಸೂರು)
ಪ್ರತಿಕಾಯ ಇದೆ, ರೋಗ ಇಲ್ಲ ಎಂಬವರು ಮುಂದೆ ರೋಗಿಗಳಾಗುತ್ತಾರೆಯೇ? ಈ ಪ್ರಶ್ನೆಗೆ ಯಾರಾದರೂ ನೇರವಾಗಿ ಉತ್ತರಿಸಿ.

ಕೀಲುವೈದ್ಯ (ಬೆಂಗಳೂರು)
ನೇರ ಉತ್ತರ: ಹೆಚ್ಚಿನವರು ಆಗುವುದಿಲ್ಲ. ಆದರೆ ರೋಗಿಗಳಾದವರನ್ನು ಹಿಂತಿರುಗಿ ನೋಡಿದರೆ ಚಿತ್ರ ಬೇರೆ. ಅಮೆರಿಕದ ಸೈನ್ಯವು ಸಿಬ್ಬಂದಿಯ ಸೀರಂ ಸಂಗ್ರಹಿಸಿಡುತ್ತದೆ. ಲೂಪಸ್ ಆದ 130 ಮಂದಿಯ ಹಳೆಯ ಸೀರಂ ತೆಗೆದು ನೋಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. 115 ಮಂದಿಯಲ್ಲಿ ರೋಗ ಪತ್ತೆಯಾಗುವ ಮೊದಲೇ ಒಂದಾದರೂ ಪ್ರತಿಕಾಯ ಇತ್ತು, ಕೆಲವರಲ್ಲಿ 9 ವರ್ಷಕ್ಕೂ ಮೊದಲು. ಎಎನ್‌ಎ, ರೋ ಬೇಗ ಬರುತ್ತವೆ. ಎಸ್‌ಎಂ, ಆರ್‌ಎನ್‌ಪಿ ರೋಗದ ಹೊಸ್ತಿಲಿಗೆ ಬಂದಾಗ ಕಾಣಿಸಿಕೊಳ್ಳುತ್ತವೆ. ಇದನ್ನು ಓದಿ ಯಾರೂ ಲಕ್ಷಣವಿಲ್ಲದೆ ಎಎನ್‌ಎ ಮಾಡಿಸಲು ಓಡಬಾರದು, ಏಕೆಂದರೆ ಅಲ್ಲಿಂದ ಮುಂದಕ್ಕೆ ಲೆಕ್ಕಿಗ ಅವರ 5,000 ಮಂದಿಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ತುಂಗಾತೀರ (ಶಿವಮೊಗ್ಗ)
ರೋ-52 ಬಗ್ಗೆ ಯಾರೂ ಹೇಳಲಿಲ್ಲ. ಮುಂದಿನ ವರ್ಷ ತಂಗಿಯ ಮದುವೆ ಇದೆ. ರೋ ಪ್ರತಿಕಾಯ ಇದ್ದರೆ ಹುಟ್ಟುವ ಮಗುವಿನ ಹೃದಯಕ್ಕೆ ತೊಂದರೆ ಎಂದು ಎಲ್ಲೋ ಓದಿ ಅವಳು ರಾತ್ರಿ ನಿದ್ದೆಯನ್ನೇ ಮಾಡುತ್ತಿಲ್ಲ.

ಕೀಲುವೈದ್ಯ (ಬೆಂಗಳೂರು)
ಹೆದರಬೇಡಿ ಎಂದು ಅವರಿಗೆ ಹೇಳಿ. ರೋ-52, ರೋ-60 ಎರಡು ಬೇರೆಬೇರೆ ಪ್ರೋಟೀನ್‌ಗಳು. ರೋ-60 ಇಲ್ಲದೆ ರೋ-52 ಒಂದೇ ಬಂದರೆ ಅದು ಲೂಪಸ್‌ನ ಗುರುತಲ್ಲ. ಸ್ನಾಯು, ಶ್ವಾಸಕೋಶ, ಯಕೃತ್ತಿನ ಬೇರೆ ತೊಂದರೆಗಳಲ್ಲೂ ಬರುತ್ತದೆ, ಏನೂ ಇಲ್ಲದವರಲ್ಲೂ ಒಂದು ಪ್ಲಸ್ ಬರುತ್ತದೆ. ಇನ್ನು ಮಗುವಿನ ಹೃದಯದ ವಿಚಾರ: ರೋ ಪ್ರತಿಕಾಯ ಖಚಿತವಾಗಿ ಇರುವ ತಾಯಂದಿರಲ್ಲೂ ಹಿಂದೆ ಅಂಥ ಮಗು ಆಗಿಲ್ಲದಿದ್ದರೆ ಹಾರ್ಟ್ ಬ್ಲಾಕ್‌ನ (ಮಗುವಿನ ಹೃದಯದ ಮಿಡಿತದ ಸಂಕೇತ ತಡೆಯಾಗುವುದರ) ಸಂಭವ ನೂರಕ್ಕೆ ಒಂದೆರಡು. ಗರ್ಭ ನಿಂತಾಗ ವೈದ್ಯರಿಗೆ ಈ ಕಾಗದ ತೋರಿಸಿದರೆ ಸಾಕು.

ಕೂದಲು ಉದುರುವುದು, ಸುಸ್ತು ಎಂದಿದ್ದೀರಿ. ಥೈರಾಯ್ಡ್ ನೋಡಿದ್ದಾರೆಯೇ? ಥೈರಾಯ್ಡ್‌ನ ಸ್ವಯಂನಿರೋಧಕ ಕಾಯಿಲೆಯಲ್ಲಿ ಎಎನ್‌ಎ ಸಣ್ಣ ಪ್ರಮಾಣದಲ್ಲಿ ಪಾಸಿಟಿವ್ ಬರುವುದು ಬಹಳ ಸಾಮಾನ್ಯ. ಕ್ಷಯಕ್ಕೆ ಐಸೋನಿಯಾಜಿಡ್ ತೆಗೆದುಕೊಂಡಿದ್ದಾರೆಯೇ ಎಂಬುದನ್ನೂ ಕೇಳಬೇಕು. ಆ ಮಾತ್ರೆ, ರಕ್ತದೊತ್ತಡದ ಹೈಡ್ರಲಜೀನ್, ಮೊಡವೆಗೆ ಕೊಡುವ ಮಿನೋಸೈಕ್ಲಿನ್ ಇವು ಲೂಪಸ್‌ನಂಥದ್ದೇ ತೊಂದರೆ ತರಬಲ್ಲವು. ಹಿಸ್ಟೋನ್ ಪ್ರತಿಕಾಯ ಅಲ್ಲಿ ಹೆಚ್ಚು, ಆದರೆ ನಿಜವಾದ ಲೂಪಸ್‌ನಲ್ಲೂ ಇರುವುದರಿಂದ ಅದೊಂದರಿಂದ ಎರಡನ್ನೂ ಬೇರ್ಪಡಿಸಲಾಗದು.

ಕಲೆಕ್ಷನ್‌ಸೆಂಟರ್ (ಹಾಸನ)
ಪ್ರೊಫೈಲ್ ವಿಚಾರದಲ್ಲಿ ನಾನೂ ಒಂದು ಮಾತು ಹೇಳಲೇಬೇಕು. ನಮ್ಮ ಕೌಂಟರಿಗೆ ಬರುವವರಲ್ಲಿ ಎಷ್ಟೋ ಜನ ಎಎನ್‌ಎ ಫಲಿತಾಂಶಕ್ಕೂ ಕಾಯದೆ "ಎಲ್ಲ ಒಟ್ಟಿಗೆ ಮಾಡಿಬಿಡಿ" ಎನ್ನುತ್ತಾರೆ. ಸಾವಿರಗಟ್ಟಲೆ ಬಿಲ್ ಆಗುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾಡಬೇಡಿ ಎಂದರೆ ನಮ್ಮ ಮೇಲೆಯೇ ಸಿಟ್ಟು.

ಕೀಲುವೈದ್ಯ (ಬೆಂಗಳೂರು)
ಎಎನ್‌ಎ ಪಾಸಿಟಿವ್ ಇಲ್ಲದೆ, ರೋಗದ ಅನುಮಾನವೂ ಇಲ್ಲದೆ ಉಪಪ್ರತಿಕಾಯಗಳನ್ನು ಮಾಡಿಸಬೇಡಿ ಎಂಬುದು ಎಸಿಆರ್‌ನ ಸಲಹೆಯೂ ಹೌದು.

ತುಂಗಾತೀರ (ಶಿವಮೊಗ್ಗ)
ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ. ಮಣಿಪಾಲದ ಕಡೆ ರುಮಟಾಲಜಿ ವೈದ್ಯರಿಗೆ ತೋರಿಸಿದೆವು. ಅವರು ಪ್ರೊಫೈಲ್ ಕಾಗದವನ್ನು ಪಕ್ಕಕ್ಕಿಟ್ಟು ಮೊದಲು ಬೆರಳಿನ ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಬಾವು ಇಲ್ಲ ಎಂದರು. ಎಎನ್‌ಎ ಐಎಫ್‌ಎ ಮತ್ತೊಮ್ಮೆ ನೆಗೆಟಿವ್. ಕ್ರಿಥಿಡಿಯಾ ನೆಗೆಟಿವ್. ಸಿ3, ಸಿ4, ಮೂತ್ರ ಸರಿಯಾಗಿವೆ. ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್ ಟಿಎಸ್‌ಎಚ್ ಹೆಚ್ಚಿದೆ, ಥೈರಾಯ್ಡ್ ವಿರುದ್ಧದ ಟಿಪಿಒ ಪ್ರತಿಕಾಯವೂ ಹೆಚ್ಚಿದೆ. ಸದ್ಯಕ್ಕೆ ಥೈರಾಯ್ಡ್ ಮಾತ್ರೆ ಶುರುಮಾಡಿದ್ದಾರೆ. ಪ್ರತಿ ಮೂರು ತಿಂಗಳಿಗೊಮ್ಮೆ ಎಎನ್‌ಎ ಮಾಡಿಸಬೇಕೇ ಎಂದು ಅಮ್ಮ ಕೇಳುತ್ತಿದ್ದಾರೆ.

ಕೀಲುವೈದ್ಯ (ಬೆಂಗಳೂರು)
ಬೇಡವೆಂದು ಅಮ್ಮನಿಗೆ ತಿಳಿಸಿ. ಕೀಲು ಊದಿದರೆ, ಬಿಸಿಲಿಗೆ ಮುಖ ಕೆಂಪಾದರೆ, ಬಾಯಲ್ಲಿ ಹುಣ್ಣಾದರೆ, ಮೂತ್ರ ನೊರೆಯಾದರೆ ಅದೇ ವೈದ್ಯರ ಬಳಿ ಹೋಗಲಿ.

ಚಿಟ್ಟೆಕೆನ್ನೆ (ಧಾರವಾಡ)
ತಂಗಿಗೆ ಶುಭವಾಗಲಿ ಅಕ್ಕಾ. ಮೂತ್ರದ ಮಾತನ್ನು ಮಾತ್ರ ಮರೆಯಬೇಡಿ, ಅದು ತೀರಾ ಅಗ್ಗದ ಪರೀಕ್ಷೆ.

ತುಂಗಾತೀರ (ಶಿವಮೊಗ್ಗ)
ಹಳೆಯ ರಿಪೋರ್ಟ್‌ಗಳನ್ನು ಇಟ್ಟುಕೊಳ್ಳಬೇಕೇ, ಅಥವಾ ಅಮ್ಮನ ಕಣ್ಣಿಗೆ ಬೀಳದಂತೆ ಹರಿದು ಹಾಕಲೇ?

ಹಸಿರುಹೊಳಪು (ಮಂಗಳೂರು)
ಹರಿಯಬೇಡಿ. ವಿಧಾನ, ತೆಳುಮಾಡಿದ ಪ್ರಮಾಣ, ಗಡಿಸಂಖ್ಯೆ ಮೂರೂ ಅಚ್ಚಾಗಿರುವ ಪುಟಗಳ ಫೋಟೋ ತೆಗೆದು ಫೋನಿನಲ್ಲಿಡಿ. ನಮ್ಮಲ್ಲಿ ಹಲವು ಲ್ಯಾಬ್‌ಗಳು 1:100ರಿಂದ ಶುರುಮಾಡಿದರೆ ಇನ್ನು ಕೆಲವು 1:80ರಿಂದ ಮಾಡುತ್ತವೆ, ಮುಂದೆ ಯಾರಾದರೂ ಹೋಲಿಸಬೇಕಾದರೆ ಅದೇ ಬೇಕಾಗುತ್ತದೆ. ಕಾಗದವನ್ನು ಅಪ್ಪನ ಕೈಗೆ ಕೊಡಿ.